ಮುಂದೆ ರಸ್ತೆಯ ಗದ್ದಲ, ಹಿಂದೆ ಹಳೇ ಗ್ಯಾರೇಜ್ ಜಾಗ: ಕಟ್ಟುವ ಮುಂಚೆ ಯಾವುದನ್ನು ಮೊದಲು ನೋಡಬೇಕು?

ಹೊಸಗೋಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಒಂದು ಜಾಗ ತೆಗೆದುಕೊಂಡಿದ್ದೇವೆ. ನಾಲ್ಕು ಮಹಡಿಯ ಎರಡು ಬ್ಲಾಕ್ ಕಟ್ಟಿ ನಾವೇ ವಾಸಕ್ಕೆ ಹೋಗುವ ಯೋಚನೆ. ನನ್ನ ಪಾಲಿಗೆ ಬಂದಿರುವುದು ಲೆಕ್ಕಪತ್ರ ಮತ್ತು ಓಡಾಟ. ಎಂಜಿನಿಯರ್‌ಗಳ ಭಾಷೆ ಅಷ್ಟಾಗಿ ಅರ್ಥವಾಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಿ.

ಜಾಗದ ಮುಂದೆ ದೊಡ್ಡ ರಸ್ತೆ ಇದೆ, ರಾತ್ರಿ ಹೊತ್ತು ಲಾರಿ ಜಾಸ್ತಿ. ಹಿಂದಿನ ಮೂಲೆಯಲ್ಲಿ ಮೊದಲು ಗಾಡಿ ರಿಪೇರಿ ಮಾಡುವ ಗ್ಯಾರೇಜ್ ಇತ್ತಂತೆ. ಅದರ ಶೆಡ್ ಈಗಲೂ ನಿಂತಿದೆ, ಮೇಲೆ ಹಳೇ ಸಿಮೆಂಟ್ ಶೀಟ್. ನೆಲದೊಳಗೆ ಡೀಸೆಲ್ ಟ್ಯಾಂಕ್ ಇತ್ತು ಅಂತ ಒಬ್ಬರು ಹೇಳುತ್ತಾರೆ, ಅದನ್ನು ಯಾವತ್ತೋ ತೆಗೆದಿದ್ದಾರೆ ಅಂತ ಇನ್ನೊಬ್ಬರು. ಎರಡೂ ಪಕ್ಕದಲ್ಲಿ ಮನೆಗಳಿವೆ. ಒಂದಂತೂ ತುಂಬಾ ಹಳೇ ಕಟ್ಟಡ.

ನಕ್ಷೆ ಮಾಡುತ್ತಿರುವವರು ಹೇಳುವುದು ಇಷ್ಟೇ: ಎತ್ತರದ ಕಾಂಪೌಂಡ್, ಒಳಗಡೆ ಎರಡು ಸಾಲು ಮರ, ಗದ್ದಲದ ಕತೆ ಮುಗಿಯಿತು. ಮಣ್ಣಿನ ಬಗ್ಗೆ ಕೇಳಿದರೆ "ಸಾಯಿಲ್ ಟೆಸ್ಟ್ ಆಗಿದೆ, ರಿಪೋರ್ಟ್ ಚೆನ್ನಾಗಿದೆ" ಅನ್ನುತ್ತಾರೆ. ನಮ್ಮವರಲ್ಲೇ ಒಬ್ಬರು ಇನ್ನೊಂದು ಸಲಹೆ ಕೊಟ್ಟಿದ್ದಾರೆ. ಪಾಯ ಅಗೆದ ಮಣ್ಣನ್ನು ರಸ್ತೆ ಕಡೆ ಉದ್ದಕ್ಕೆ ದಿಬ್ಬ ಮಾಡಿ ಹಾಕಿದರೆ ಶಬ್ದಕ್ಕೂ ತಡೆಯಾಗುತ್ತದೆ, ಮಣ್ಣು ಸಾಗಿಸುವ ಖರ್ಚೂ ಉಳಿಯುತ್ತದೆ ಅಂತ. ಕೇಳಲಿಕ್ಕೇನೋ ಚೆನ್ನಾಗಿದೆ. ಆದರೆ ಎಲ್ಲವೂ ಇಷ್ಟು ಸುಲಭವಾಗಿ ಬಗೆಹರಿಯುತ್ತದಾ ಅಂತ ನನಗೆ ಅನುಮಾನ.

ಗೋಡೆ ಮತ್ತು ಮರ ನಿಜವಾಗಿ ಸಾಕಾ? ಮಣ್ಣಿಗೆ ಇನ್ನೇನಾದರೂ ಮಾಡಿಸಬೇಕಾ? ಕಟ್ಟುವಾಗ ಅಕ್ಕಪಕ್ಕದವರಿಗೆ ತೊಂದರೆ ಕಡಿಮೆ ಮಾಡುವುದು ಹೇಗೆ? ಇದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ? ನಕ್ಷೆ ಇನ್ನೂ ಪೂರ್ತಿ ಆಗಿಲ್ಲ, ಬದಲಾಯಿಸಲು ಅವಕಾಶ ಇದೆ.


ಮಣ್ಣುಹುಳ

ಮೊದಲು ಆ ದಿಬ್ಬದ ಐಡಿಯಾ ನಿಲ್ಲಿಸಿ. ಉಳಿದದ್ದು ಆಮೇಲೆ.

ಸಾಯಿಲ್ ಟೆಸ್ಟ್ ಆಗಿದೆ ಅಂದರೆ ಯಾವ ಟೆಸ್ಟ್? ರಿಪೋರ್ಟ್ ತೆಗೆದು ನೋಡಿ. ಬೇರಿಂಗ್ ಕೆಪಾಸಿಟಿ, ಎನ್ ವ್ಯಾಲ್ಯೂ (ಮಣ್ಣು ಎಷ್ಟು ಗಟ್ಟಿ ಅಂತ ಸುತ್ತಿಗೆ ಏಟಿನ ಲೆಕ್ಕ), ಜೇಡಿ ಎಷ್ಟು, ಮರಳು ಎಷ್ಟು, ನೀರು ಎಷ್ಟು ಆಳದಲ್ಲಿ ಸಿಕ್ಕಿತು, ಇಷ್ಟೇ ಇದ್ದರೆ ಅದು ಮಣ್ಣು ಎಷ್ಟು ಭಾರ ಹೊರುತ್ತದೆ ಅಂತ ನೋಡುವ ಟೆಸ್ಟ್. ಮಣ್ಣಿನಲ್ಲಿ ಎಣ್ಣೆ ಇದೆಯಾ, ಸೀಸ ಇದೆಯಾ ಅನ್ನುವುದನ್ನು ಅದು ಮುಟ್ಟುವುದೇ ಇಲ್ಲ. ಡೀಸೆಲ್ ಕುಡಿದ ಮಣ್ಣೂ ಭಾರದ ಟೆಸ್ಟಿನಲ್ಲಿ ಆರಾಮಾಗಿ ಪಾಸಾಗಬಹುದು. ನಿಮಗೆ ಬೇಕಾಗಿರುವುದು ಬೇರೆ ಟೆಸ್ಟ್, ಮಾಡುವ ಲ್ಯಾಬೂ ಸಾಮಾನ್ಯವಾಗಿ ಬೇರೆ.

ಇದನ್ನು ಎರಡು ಹಂತದಲ್ಲಿ ಮಾಡುವುದು ರೂಢಿ. ಮೊದಲನೆಯದಕ್ಕೆ ಮಣ್ಣು ಮುಟ್ಟುವ ಕೆಲಸವೇ ಇಲ್ಲ. ಹಳೇ ನಕ್ಷೆ, ಹಳೇ ಸ್ಯಾಟಲೈಟ್ ಚಿತ್ರ, ಲೈಸೆನ್ಸ್ ಕಾಗದ ಹುಡುಕುವುದು. ಆ ಗ್ಯಾರೇಜಿನಲ್ಲಿ ಕೆಲಸ ಮಾಡಿದವರು ಯಾರಾದರೂ ಸಿಕ್ಕರೆ ಕೂತು ಮಾತಾಡುವುದು. ವೇಸ್ಟ್ ಆಯಿಲ್ ಎಲ್ಲಿ ಚೆಲ್ಲುತ್ತಿದ್ದರು, ಬ್ಯಾಟರಿ ಎಲ್ಲಿ ಒಡೆಯುತ್ತಿದ್ದರು, ಪಾರ್ಟ್ಸ್ ಎಲ್ಲಿ ತೊಳೆಯುತ್ತಿದ್ದರು, ಗಾಡಿ ಕೆಳಗೆ ನಿಂತು ರಿಪೇರಿ ಮಾಡುವ ಪಿಟ್ ಎಲ್ಲಿತ್ತು. ಅರ್ಧ ಗಂಟೆಯ ಇಂಥ ಮಾತುಕತೆಯಿಂದ ಎಲ್ಲಿ ಕೊರೆಯಬೇಕು ಅನ್ನುವುದು ಅರ್ಧದಷ್ಟು ಗೊತ್ತಾಗುತ್ತದೆ. ಎರಡನೇ ಹಂತದಲ್ಲಿ ಕೊರೆದು ಮಣ್ಣು, ನೀರು, ಮಣ್ಣಿನೊಳಗಿನ ಗಾಳಿ ಮೂರರ ಸ್ಯಾಂಪಲ್ಲೂ ತೆಗೆಯುತ್ತಾರೆ.

ಗ್ಯಾರೇಜ್ ಅಂದರೆ ಡೀಸೆಲ್ ಮಾತ್ರ ಅಲ್ಲ. ನನಗೆ ಜಾಸ್ತಿ ಭಯ ಗ್ರೀಸ್ ತೊಳೆಯಲು ಬಳಸುವ ದ್ರಾವಕಗಳದ್ದು, ಟ್ರೈಕ್ಲೋರೋಎಥಿಲೀನ್ ಥರದವು. ಡೀಸೆಲ್ ನೀರಿಗಿಂತ ಹಗುರ. ಅಂತರ್ಜಲ ಮುಟ್ಟಿದಾಗ ಅದರ ಮೇಲೆ ತೇಲುತ್ತದೆ, ಹುಡುಕುವುದು ಸುಲಭ. ಈ ದ್ರಾವಕ ನೀರಿಗಿಂತ ಭಾರ. ನೀರನ್ನೂ ದಾಟಿ ಕೆಳಗೆ ಇಳಿಯುತ್ತದೆ, ಸಂದು ಸಿಕ್ಕ ಕಡೆ ಹರಿಯುತ್ತದೆ, ಎಲ್ಲಿ ಕೂತಿದೆ ಅಂತ ಹುಡುಕುವುದೇ ಒಂದು ಸಾಹಸ. ಡೀಸೆಲ್, ಪೆಟ್ರೋಲ್ ಆವಿಯನ್ನು ಮಣ್ಣಿನೊಳಗಿನ ಬ್ಯಾಕ್ಟೀರಿಯಾ ಆಮ್ಲಜನಕ ಸಿಕ್ಕರೆ ತಿಂದು ಹಾಕುತ್ತವೆ. ದ್ರಾವಕದ ಆವಿ ಹಾಗೆ ಬೇಗ ಕರಗುವುದಿಲ್ಲ. ಪಾಯದ ಬಿರುಕು, ಪೈಪ್ ಹಾದುಹೋಗುವ ಸಂದು, ಹೀಗೆ ದಾರಿ ಮಾಡಿಕೊಂಡು ಮನೆಯೊಳಗೆ ಬರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಟ್ರೈಕ್ಲೋರೋಎಥಿಲೀನ್, ಪೆಟ್ರೋಲಿನಲ್ಲಿರುವ ಬೆಂಜೀನ್ ಎರಡೂ ಮೊದಲ ಗುಂಪಿನಲ್ಲಿವೆ. ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತವೆ ಅಂತ ಖಚಿತವಾದವು.

ಲ್ಯಾಬಿಗೆ ಕೊಡುವಾಗ ಸುಮ್ನೆ "ಮಣ್ಣು ಟೆಸ್ಟ್ ಮಾಡಿ" ಅನ್ನಬೇಡಿ. ಪೆಟ್ರೋಲಿಯಂ ಹೈಡ್ರೋಕಾರ್ಬನ್, ಬೆಂಜೀನ್ ಗುಂಪು, ಆವಿಯಾಗುವ ದ್ರಾವಕಗಳು, ಪಿಎಎಚ್ (ಎಣ್ಣೆ, ಇಂಧನ ಅರೆಬರೆ ಸುಟ್ಟಾಗ ಹುಟ್ಟುವ ರಾಸಾಯನಿಕಗಳು), ಸೀಸ ಮತ್ತು ಉಳಿದ ಭಾರ ಲೋಹಗಳು ಅಂತ ಹೆಸರು ಹಿಡಿದು ಕೇಳಿ. ಸ್ಯಾಂಪಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬಿಸಿಲಲ್ಲಿ ಇಟ್ಟರೆ ಆವಿಯಾಗುವುದೆಲ್ಲ ದಾರಿಯಲ್ಲೇ ಹೋಗಿ ರಿಪೋರ್ಟ್ ಕ್ಲೀನ್ ಬರುತ್ತದೆ! ಗಾಳಿಯಾಡದ ಗಾಜಿನ ಬಾಟಲಿಯಲ್ಲಿ, ಐಸ್ ಬಾಕ್ಸಿನಲ್ಲಿ ಹೋಗಬೇಕು. ನಾಲ್ಕು ಕಡೆಯ ಮಣ್ಣು ಕಲಸಿ ಒಂದೇ ಸ್ಯಾಂಪಲ್ ಮಾಡುವುದೂ ಇಂಥದ್ದೇ ಆಟ.

ದಿಬ್ಬ ಯಾಕೆ ಬೇಡ ಅಂದರೆ, ಆ ಮೂಲೆಯ ಮಣ್ಣು ಕೆಟ್ಟಿದ್ದರೆ ನೀವು ಅದನ್ನು ಇಡೀ ಜಾಗದ ಉದ್ದಕ್ಕೂ ಹರಡಿದ ಹಾಗಾಯಿತು. ಒಂದು ಮೂಲೆಯಲ್ಲಿದ್ದ ಕಷ್ಟ ಮಕ್ಕಳು ಹತ್ತಿ ಇಳಿಯುವ ದಿಬ್ಬವಾಗುತ್ತದೆ. ಅಮೆರಿಕದ ನಯಾಗರಾ ಫಾಲ್ಸ್ ಊರಿನ ಲವ್ ಕೆನಾಲ್ ವಿಷಯ ಕೇಳಿರಬಹುದು. ಸುಮಾರು 21,000 ಟನ್ ರಾಸಾಯನಿಕ ಕಸ ತುಂಬಿದ್ದ ಕಾಲುವೆಯನ್ನು ಮುಚ್ಚಿ, 1953ರಲ್ಲಿ ಶಾಲಾ ಮಂಡಳಿಗೆ ಕೊಟ್ಟರು. ಅಲ್ಲೇ ಶಾಲೆ ಬಂತು, ಸುತ್ತ ಮನೆಗಳು ಬಂದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಜನರನ್ನು ಎಬ್ಬಿಸಬೇಕಾಯಿತು. ಅಲ್ಲಿ ಕಸ ಇದೆ ಅನ್ನುವುದು ಜಾಗ ಕೊಟ್ಟ ಕಾಗದದಲ್ಲೇ ಬರೆದಿತ್ತು. ನಿಮ್ಮದು ಅಷ್ಟು ದೊಡ್ಡದಲ್ಲ, ಹೆದರಬೇಡಿ. ಆದರೆ ಗ್ಯಾರೇಜ್ ಇತ್ತು ಅಂತ ನಿಮಗೂ ಈಗಾಗಲೇ ಗೊತ್ತಿದೆ ಅಲ್ವಾ?


ಕಿವಿಮಾತು

ಗದ್ದಲದ ಭಾಗ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಮರದ ಬಗ್ಗೆ ಜನರಿಗೆ ವಿಪರೀತ ನಂಬಿಕೆ. ಮರ ನೆಡಿ, ನೆರಳಿಗೆ ನೆಡಿ, ಧೂಳಿಗೆ ನೆಡಿ, ಕಣ್ಣಿಗೆ ಚೆನ್ನಾಗಿರುತ್ತದೆ. ಶಬ್ದಕ್ಕೆ ಅಂತ ಮಾತ್ರ ನೆಡಬೇಡಿ. 30 ಮೀಟರ್ ಅಗಲ, ಆಚೆ ಏನೂ ಕಾಣದಷ್ಟು ದಟ್ಟವಾದ ಗಿಡಮರ ಇದ್ದರೆ ಸುಮಾರು 5 ಡೆಸಿಬಲ್ ಇಳಿಯಬಹುದು. ಎರಡು ಸಾಲಿನಿಂದ ಕಿವಿಗೆ ಗೊತ್ತಾಗುವಷ್ಟು ಏನೂ ಇಳಿಯುವುದಿಲ್ಲ. ರಸ್ತೆ ಕಣ್ಣಿಗೆ ಕಾಣದಿದ್ದರೆ ಮನಸ್ಸಿಗೆ ಒಂಚೂರು ಸಮಾಧಾನ, ಅದು ಬೇರೆ ವಿಷಯ.

ಗೋಡೆ ಕೆಲಸ ಮಾಡುತ್ತದೆ, ಆದರೆ ಒಂದು ಷರತ್ತಿದೆ. ನಿಮ್ಮ ಕಿವಿಗೂ ಲಾರಿಯ ಟೈರು ಮತ್ತು ಎಂಜಿನ್ನಿಗೂ ನಡುವೆ ಒಂದು ನೇರ ಗೆರೆ ಎಳೆಯಿರಿ. ಗೋಡೆ ಆ ಗೆರೆಯನ್ನು ಕಡಿದರೆ ಸುಮಾರು 5 ಡೆಸಿಬಲ್ ಲಾಭದಿಂದ ಶುರು, ಅದಕ್ಕಿಂತ ಎತ್ತರ ಹೋದ ಹಾಗೆ ಇನ್ನಷ್ಟು. ಗೆರೆ ಕಡಿಯದಿದ್ದರೆ ಲಾಭ ಹೆಚ್ಚುಕಮ್ಮಿ ಸೊನ್ನೆ. ಈಗ ಮೂರನೇ ಮಹಡಿಯ ಬೆಡ್‌ರೂಮ್ ಕಿಟಕಿಯಿಂದ ಗೆರೆ ಎಳೆದು ನೋಡಿ. ಕಾಂಪೌಂಡ್ ಎಲ್ಲೋ ಕೆಳಗೆ ಉಳಿದುಹೋಯಿತು. ಅಂದರೆ ನಿಮ್ಮ ಗೋಡೆ ನೆಲಮಹಡಿಯವರಿಗೆ, ಬಹಳ ಆದರೆ ಮೊದಲನೇ ಮಹಡಿಯವರಿಗೆ. ಮೇಲಿನವರಿಗೆ ಅದು ಬರೀ ಕಾಂಪೌಂಡ್. ಗೋಡೆ ಕಟ್ಟಿದರೂ ಸಂದು, ಜಾಲರಿ, ಅಲಂಕಾರದ ತೂತು ಇರಬಾರದು. ಗೇಟ್ ಕೂಡ ಒಂದು ದೊಡ್ಡ ತೂತೇ.

ಕಟ್ಟಡವನ್ನು ಹಿಂದೆ ಸರಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸಾಲಾಗಿ ಗಾಡಿ ಓಡುವ ರಸ್ತೆಯಲ್ಲಿ ದೂರ ಎರಡು ಪಟ್ಟಾದರೆ ಇಳಿಯುವುದು 3 ಡೆಸಿಬಲ್ ಮಾತ್ರ. ಒಂದೇ ಕಡೆ ನಿಂತ ಜನರೇಟರ್ ಆದರೆ 6. ಕಿವಿಗೆ "ಅರ್ಧ ಕಡಿಮೆ ಆಯಿತು" ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು. ಹಾಗಾಗಿ 10 ಮೀಟರ್ ಇದ್ದದ್ದನ್ನು 20 ಮಾಡಿದರೆ ಜಾಗ ಹೋಯಿತು, ಲಾಭ ಅಷ್ಟಕ್ಕಷ್ಟೆ.

ನಕ್ಷೆ ಇನ್ನೂ ಬದಲಾಯಿಸಬಹುದು ಅಂದಿರಲ್ಲ, ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಖುಷಿ ಕೊಟ್ಟ ಸಾಲು ಅದೊಂದೇ. ಎರಡು ಬ್ಲಾಕನ್ನು ರಸ್ತೆಗೆ ಅಡ್ಡಡ್ಡ ನಿಲ್ಲಿಸಿ ನಡುವೆ ಸಂದು ಬಿಟ್ಟಿದ್ದಾರೆ ಅಂತ ನನ್ನ ಊಹೆ, ಗಾಳಿ ಬೆಳಕಿಗೆ ಅಂತ. ಹಾಗಿದ್ದರೆ ಗದ್ದಲ ಆ ಸಂದಿನಲ್ಲಿ ನುಗ್ಗಿ ಎರಡೂ ಗೋಡೆಗೆ ಬಡಿದು ಹಿಂದಿನವರೆಗೂ ಹೋಗುತ್ತದೆ. ಒಂದು ಬ್ಲಾಕನ್ನು ರಸ್ತೆಯ ಉದ್ದಕ್ಕೆ ನಿಲ್ಲಿಸಿ. ಅದೇ ನಿಮ್ಮ ನಾಲ್ಕು ಮಹಡಿ ಎತ್ತರದ ತಡೆಗೋಡೆ. ಇದಕ್ಕಿಂತ ದೊಡ್ಡ ಗೋಡೆ ನಿಮಗೆ ಎಲ್ಲೂ ಸಿಗುವುದಿಲ್ಲ, ಅದೂ ಹೇಗಿದ್ದರೂ ಕಟ್ಟಲೇಬೇಕಾದದ್ದು. ಆ ಬ್ಲಾಕಿನಲ್ಲಿ ರಸ್ತೆ ಕಡೆಗೆ ಮೆಟ್ಟಿಲು, ಲಿಫ್ಟ್, ಬಚ್ಚಲು, ಅಡುಗೆಮನೆ, ಓಡಾಡುವ ಪ್ಯಾಸೇಜ್ ಇಡಿ. ಮಲಗುವ ಕೋಣೆ ಎಲ್ಲ ಒಳಗಿನ ಅಂಗಳದ ಕಡೆ. ಎರಡನೇ ಬ್ಲಾಕ್ ಅದರ ನೆರಳಲ್ಲಿ ಇರಲಿ.

ಆಮೇಲೆ ಕಿಟಕಿ. ಅರೆ ತೆರೆದ ಕಿಟಕಿ 10ರಿಂದ 15 ಡೆಸಿಬಲ್ ತಡೆಯುತ್ತದೆ, ಅಷ್ಟೇ. ಮುಚ್ಚಿದ ಒಳ್ಳೆ ಕಿಟಕಿ ಅದರ ಎರಡರಷ್ಟು ತಡೆಯಬಹುದು. ಆದರೆ ಕಿಟಕಿಯ ಒಟ್ಟು ಜಾಗದಲ್ಲಿ ನೂರಕ್ಕೆ ಒಂದು ಪಾಲು ಸಂದು ಉಳಿದರೂ 20ರ ಹತ್ತಿರವೇ ನಿಂತುಬಿಡುತ್ತದೆ, ಗಾಜು ಎಷ್ಟೇ ದುಬಾರಿ ಇರಲಿ. ಹಾಗಾಗಿ ಗಾಜಿಗಿಂತ ಮೊದಲು ರಬ್ಬರ್ ಬೀಡಿಂಗ್, ಫ್ರೇಮ್ ಮತ್ತು ಗೋಡೆಯ ನಡುವಿನ ಸಂದು ನೋಡಿ. ಜಾರುವ ಕಿಟಕಿಗಿಂತ ಬಾಗಿಲಿನಂತೆ ತೆರೆದು ಒತ್ತಿ ಮುಚ್ಚುವ ಕಿಟಕಿ ಇದರಲ್ಲಿ ವಾಸಿ. ಕಿಟಕಿ ಮುಚ್ಚಿದ ಮೇಲೆ ಗಾಳಿಗೆ ಏನು ದಾರಿ ಅಂತ ಆಗಲೇ ಯೋಚಿಸಿ. ಒಳಗೆ ಶಬ್ದ ಹೀರುವ ಪದರ ಇರುವ ವೆಂಟಿಲೇಟರ್ ಬರುತ್ತವೆ. ಇದನ್ನು ಮರೆತರೆ ಜನ ಸೆಕೆಗೆ ಕಿಟಕಿ ತೆರೆದೇ ಮಲಗುತ್ತಾರೆ, ಎಲ್ಲಾ ಖರ್ಚೂ ದಂಡ.

ಗುರಿ ಎಷ್ಟು ಅಂತ ಕೇಳಿದರೆ, ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಮಲಗುವ ಕೋಣೆಯ ಒಳಗೆ ರಾತ್ರಿ ಸರಾಸರಿ 30 ಡೆಸಿಬಲ್, ಒಂದೊಂದು ಸಲದ ಏರಿಕೆ 45 ದಾಟಬಾರದು ಅಂತ ಹೇಳಿತ್ತು. 2018ರಲ್ಲಿ ಯುರೋಪಿಗಾಗಿ ಕೊಟ್ಟ ಮಾರ್ಗಸೂಚಿಯಲ್ಲಿ ರಸ್ತೆ ಗದ್ದಲಕ್ಕೆ ಹೊರಗಡೆ ರಾತ್ರಿ ಸರಾಸರಿ 45 ಅಂತ ಇದೆ. ದೊಡ್ಡ ರಸ್ತೆ ಪಕ್ಕ ಹೊರಗೆ 45 ಕನಸಿನ ಮಾತು. ಒಳಗಿನ ಅಂಕಿಯನ್ನು ಹಿಡಿಯಿರಿ. ನಿಮ್ಮಲ್ಲಿ ಸರಾಸರಿಗಿಂತ ಆ "ಒಂದೊಂದು ಸಲ" ಮುಖ್ಯ, ಯಾಕೆಂದರೆ ನಿದ್ದೆ ಕೆಡಿಸುವುದು ರಾತ್ರಿ ಎರಡು ಗಂಟೆಗೆ ಗುಂಡಿ ಹಾರುವ ಒಂದು ಖಾಲಿ ಲಾರಿ. ಹಾಗಾಗಿ ಅಳತೆ ಮಾಡಿಸಿದರೆ ಹಗಲು ಹದಿನೈದು ನಿಮಿಷ ಮೀಟರ್ ಹಿಡಿದು ಹೋಗುವವರನ್ನು ಕರೆಯಬೇಡಿ. ಪೂರ್ತಿ 24 ಗಂಟೆ, ಮೇಲಿನ ಮಹಡಿಯ ಕಿಟಕಿ ಬರುವ ಎತ್ತರದಲ್ಲಿ ಮೈಕ್ ಇಟ್ಟು ಅಳೆಯಬೇಕು.


ಸೈಟ್‌ಮೇಸ್ತ್ರಿ

ಇಬ್ಬರೂ ಹೇಳಿದ್ದು ಸರಿ, ಆದರೆ ನೆಲದ ಮೇಲೆ ಕೆಲಸ ಮಾಡುವಾಗ ಒಂದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಅದನ್ನು ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಉದಾಹರಣೆಗೆ ಪೈಲ್, ಅಂದರೆ ಕಟ್ಟಡದ ಭಾರ ಹೊರಲು ನೆಲದಾಳಕ್ಕೆ ಇಳಿಸುವ ಕಂಬ, ಬೇಕಾಯಿತು ಅಂತಿಟ್ಟುಕೊಳ್ಳಿ. ಪಕ್ಕದಲ್ಲಿ ಹಳೇ ಮನೆ ಇದೆ, ಹಾಗಾಗಿ ಸುತ್ತಿಗೆಯಿಂದ ಬಡಿಯುವ ಪೈಲಿಂಗ್ ಬೇಡ, ಕೊರೆದು ಕಾಂಕ್ರೀಟ್ ತುಂಬುವ ಪೈಲ್ ಮಾಡಿ ಅಂತ ಯಾರಾದರೂ ಸಲಹೆ ಕೊಡುತ್ತಾರೆ. ಗದ್ದಲ, ಅದುರು ಎರಡಕ್ಕೂ ಅದೇ ಸರಿ. ಆದರೆ ಕೊರೆದಾಗ ಅಷ್ಟೂ ಮಣ್ಣು ಮೇಲೆ ಬರುತ್ತದೆ. ಆ ಮಣ್ಣು ಕೆಟ್ಟಿದ್ದರೆ ಅದನ್ನು ಎಲ್ಲಿಗೆ ಕಳಿಸುತ್ತೀರಿ? ಅದಕ್ಕಿಂತ ದೊಡ್ಡ ತೊಂದರೆ, ಮೇಲಿನ ಕೊಳೆಯನ್ನು ತಡೆದಿದ್ದ ಜೇಡಿ ಪದರಕ್ಕೆ ನೀವೇ ತೂತು ಹಾಕಿ ಕೆಳಗಿನ ನೀರಿಗೆ ದಾರಿ ಮಾಡಿಕೊಡಬಹುದು. ಸದ್ದಿಲ್ಲದ ಪೈಲ್ ಸದ್ದಿಲ್ಲದೆ ಬೋರ್‌ವೆಲ್ ಕೆಡಿಸಿತು ಅನ್ನುವ ಹಾಗಾಗುತ್ತದೆ :)

ಬೇಸ್‌ಮೆಂಟ್ ತೋಡುವಾಗ ನೀರು ಬಂದರೆ ಪಂಪ್ ಹಾಕುತ್ತೀರಿ. ಪಂಪ್ ಸುತ್ತಲಿನ ನೀರನ್ನು ಎಳೆಯುತ್ತದೆ, ಆ ಮೂಲೆಯ ಡೀಸೆಲ್ಲನ್ನೂ ಜೊತೆಗೆ ಎಳೆಯುತ್ತದೆ. ಹೊರಗೆ ಬಿಟ್ಟ ನೀರು ಚರಂಡಿಗೆ ಹೋಗುತ್ತದೆ. ಧೂಳು ಕಡಿಮೆಯಾಗಲಿ ಅಂತ ನೀರು ಹೊಡೆಯುತ್ತೀರಿ, ಒಳ್ಳೇದು, ಆದರೆ ಕೆಟ್ಟ ಮಣ್ಣಿನ ಮೇಲೆ ಹರಿಯುವಷ್ಟು ಹೊಡೆದರೆ ಅದು ಇಳಿಜಾರು ನೋಡಿಕೊಂಡು ಪಕ್ಕದ ಮನೆಗೆ ಹೋಗುತ್ತದೆ. ಕಿವಿಮಾತು ಅವರು ಹೇಳಿದ ಹಾಗೆ ಕಿಟಕಿ ಬಿಗಿಯಾಗಿ ಮುಚ್ಚಿದರೆ, ಕೆಳಗಿನಿಂದ ಆವಿ ಬರುತ್ತಿದ್ದಾಗ ಅದೂ ಒಳಗೇ ಉಳಿಯುತ್ತದೆ. ಅದಕ್ಕೇ ನಾನು ಹೇಳುವುದು, ಗದ್ದಲಕ್ಕೆ ಒಬ್ಬ ಕನ್ಸಲ್ಟೆಂಟ್, ಮಣ್ಣಿಗೆ ಒಬ್ಬ, ಪಾಯಕ್ಕೆ ಒಬ್ಬ ಅಂತ ಬೇರೆ ಬೇರೆ ಫೈಲ್ ಮಾಡಿ ಬೇರೆ ಬೇರೆ ದಿನ ಮೀಟಿಂಗ್ ಇಡಬೇಡಿ. ಮಣ್ಣಿನ ರಿಪೋರ್ಟ್ ಬಂದ ಮೇಲೆ ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ. ಕೊಳೆ ಇರುವ ಮೂಲೆಯಲ್ಲಿ ಬೇಸ್‌ಮೆಂಟೂ ಬೇಡ, ಪೈಲೂ ಬೇಡ ಅಂತ ಆದರೆ, ರಸ್ತೆ ಉದ್ದಕ್ಕೆ ಬ್ಲಾಕ್ ಇಡುವ ಐಡಿಯಾ ತಾನಾಗಿಯೇ ಹೊಂದಿಕೊಳ್ಳುತ್ತದೆ ನೋಡಿ. ಹಿಂದಿನ ಮೂಲೆ ಖಾಲಿ ಉಳಿಯುತ್ತದೆ, ಪಾರ್ಕಿಂಗ್‌ಗೆ ಆಗುತ್ತದೆ.

ಶೆಡ್ ಮೇಲಿನ ಶೀಟ್ ಹಳೇದು ಅಂದರೆ ಕಲ್ನಾರು (ಆಸ್ಬೆಸ್ಟಾಸ್) ಇದೆ ಅಂತಲೇ ಇಟ್ಟುಕೊಳ್ಳಿ, ಟೆಸ್ಟ್ ಇಲ್ಲ ಅಂತ ಹೇಳುವವರೆಗೂ. ಸುಮ್ಮನಿದ್ದರೆ ಅಷ್ಟು ಅಪಾಯ ಇಲ್ಲ. ಜೆಸಿಬಿಯಿಂದ ಒಂದೇ ಏಟಿಗೆ ಕೆಡವಿದರೆ, ಮೇಲಿನಿಂದ ಬಿಸಾಡಿದರೆ, ಕಟರ್ ಹಾಕಿದರೆ ಕಣ್ಣಿಗೆ ಕಾಣದ ನಾರು ಗಾಳಿಗೆ ಬರುತ್ತದೆ. ಒದ್ದೆ ಮಾಡಿ, ಬೋಲ್ಟ್ ಬಿಚ್ಚಿ, ಇಡೀ ಶೀಟನ್ನೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಬೇಕು. ಬಟ್ಟೆ ಮಾಸ್ಕ್ ಇದಕ್ಕೆ ಆಗುವುದಿಲ್ಲ. ಈ ಕೆಲಸ ಗೊತ್ತಿರುವವರಿಂದ ಮಾಡಿಸಿ, ಕೆಡವುವ ಗುತ್ತಿಗೆಯಲ್ಲಿ ಸೇರಿಸಬೇಡಿ.

ಕಲ್ಲು, ಕಾಂಕ್ರೀಟ್ ಕತ್ತರಿಸುವಾಗ ಬರುವ ಸಣ್ಣ ಧೂಳಿನಲ್ಲಿ ಶ್ವಾಸಕೋಶ ಕೆಡಿಸುವ ಸಿಲಿಕಾ ಇರುತ್ತದೆ. ಅಮೆರಿಕದಲ್ಲಿ 2016ರ ನಿಯಮದ ಪ್ರಕಾರ ಎಂಟು ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂ ದಾಟಬಾರದು. ಅಷ್ಟು ಕಣ್ಣಿಗೆ ಕಾಣುವುದೂ ಇಲ್ಲ. ಬ್ಲೇಡಿಗೆ ನೀರು ಬಿಡುವ ಕಟರ್ ಕೊಟ್ಟರೆ ಬಹುಪಾಲು ಅಲ್ಲೇ ನಿಲ್ಲುತ್ತದೆ. ಕಾಂಕ್ರೀಟ್ ಗಾಡಿ ತೊಳೆದ ನೀರು ಕ್ಷಾರ, ಪಿಎಚ್ 12ರ ಆಸುಪಾಸು. ಅದನ್ನು ಚರಂಡಿಗೆ ಬಿಡದೆ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ನಿಲ್ಲಿಸಿ.


ಹೊಸಗೋಡೆ

ಇಷ್ಟು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ರಿಪೋರ್ಟ್ ತೆಗೆದು ನೋಡಿದೆ. ಮಣ್ಣುಹುಳ ಅವರು ಹೇಳಿದ ಹಾಗೇ, ಬೇರಿಂಗ್ ಕೆಪಾಸಿಟಿ ಬಿಟ್ಟರೆ ಬೇರೇನೂ ಇಲ್ಲ. ಎಣ್ಣೆಯ ಪದವೇ ಇಲ್ಲ.

ಇನ್ನೊಂದು ವಿಷಯ. ಶೆಡ್ ಹಿಂದೆ ನೆಲದಿಂದ ಒಂದು ಕಬ್ಬಿಣದ ಪೈಪ್ ಎದ್ದು ಗೋಡೆಗೆ ಒರಗಿಕೊಂಡು ಮೇಲೆ ಹೋಗಿದೆ. ತುದಿ ಬಾಗಿದೆ. ನೀರಿನ ಪೈಪ್ ಅಂದುಕೊಂಡಿದ್ದೆವು, ಆದರೆ ಯಾವ ನಲ್ಲಿಗೂ ಹೋಗುವುದಿಲ್ಲ. ಬ್ಲಾಕ್ ರಸ್ತೆಗೆ ಅಡ್ಡಡ್ಡ ಇರುವುದು ನಿಜ, ನಡುವೆ ಸಂದೂ ಇದೆ. ತಿರುಗಿಸುವ ಬಗ್ಗೆ ನಕ್ಷೆಯವರ ಹತ್ತಿರ ಮಾತಾಡುತ್ತೇನೆ.

ಅಕ್ಕಪಕ್ಕದವರ ವಿಷಯ ಯಾರೂ ಅಷ್ಟಾಗಿ ಹೇಳಲಿಲ್ಲ.


ಪಕ್ಕದ್ಮನೆಯವಳು

ಅದನ್ನು ನಾನು ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆ ಪಕ್ಕದಲ್ಲಿ ಈಗಷ್ಟೇ ಒಂದು ದೊಡ್ಡ ಕಟ್ಟಡ ಎದ್ದಿದೆ. ನೀವೆಲ್ಲ ಡೆಸಿಬಲ್ ಮಾತಾಡುತ್ತಿದ್ದೀರಿ. ನಮಗೆ ತಲೆ ಕೆಟ್ಟದ್ದು ಡೆಸಿಬಲ್ಲಿನಿಂದ ಅಲ್ಲ, ಯಾವಾಗ ಶುರು ಯಾವಾಗ ಮುಗಿಯುತ್ತದೆ ಅಂತ ಗೊತ್ತಿಲ್ಲದ್ದರಿಂದ. ನಾಳೆ ಬೆಳಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಕಲ್ಲು ಒಡೆಯುತ್ತೇವೆ ಅಂತ ಒಂದು ಚೀಟಿ ಹಾಕಿದ್ದರೆ ಮಗುವನ್ನು ಕರೆದುಕೊಂಡು ಎಲ್ಲಾದರೂ ಹೋಗುತ್ತಿದ್ದೆ. ಚೀಟಿ ಬರಲಿಲ್ಲ, ಫೋನ್ ಮಾಡಿದರೆ ಎತ್ತುವವರೂ ಇರಲಿಲ್ಲ. ಗೇಟಿಗೆ ಹಾಕಿದ ಬೋರ್ಡಿನಲ್ಲಿ ಕಟ್ಟುವವರ ನಗುಮುಖ ಇತ್ತು, ನಂಬರ್ ಇರಲಿಲ್ಲ.

ಕೆಲಸ ಶುರುವಾಗುವ ಮುಂಚೆ ಅಕ್ಕಪಕ್ಕದ ಮನೆಗಳ ಒಳಗೆ ಹೊರಗೆ ಇರುವ ಬಿರುಕೆಲ್ಲ ತಾರೀಖಿನ ಜೊತೆ ಫೋಟೋ ತೆಗೆದು, ಮನೆಯವರ ಸಹಿ ಹಾಕಿಸಿ, ಒಂದು ಪ್ರತಿ ಅವರಿಗೇ ಕೊಡಿ. ನಿಮ್ಮ ರಕ್ಷಣೆಗೂ ಇದು ಬೇಕು. ಇಲ್ಲದಿದ್ದರೆ ಆಮೇಲೆ ಪ್ರತಿ ಬಿರುಕೂ ನಿಮ್ಮದೇ, ಇಲ್ಲವೇ ಒಂದು ಬಿರುಕೂ ನಿಮ್ಮದಲ್ಲ. ಎರಡೂ ಜಗಳವೇ.

ರಿವರ್ಸ್ ಹೋಗುವ ಗಾಡಿಯ ಆ ಪೀಂ ಪೀಂ ಶಬ್ದಕ್ಕೆ ಬೇರೆ ಏನಾದರೂ ಇದೆಯಾ? ನನಗೆ ಈಗಲೂ ಕಿವಿಯಲ್ಲಿ ಬಡಿಯುತ್ತದೆ.


ಕಿವಿಮಾತು

ಇದೆ ಮೇಡಂ. ಪೀಂ ಪೀಂ ಬದಲು "ಶ್ಶ್ ಶ್ಶ್" ಅಂತ ಬರುವ ಅಲಾರಂ ಸಿಗುತ್ತದೆ. ಹಿಂದೆ ನಿಂತವರಿಗೆ ಚೆನ್ನಾಗಿ ಕೇಳುತ್ತದೆ, ಯಾವ ಕಡೆಯಿಂದ ಬರುತ್ತಿದೆ ಅಂತಲೂ ಗೊತ್ತಾಗುತ್ತದೆ, ದೂರ ಹೋದ ಹಾಗೆ ಸುತ್ತಲಿನ ಗದ್ದಲದಲ್ಲಿ ಬೇಗ ಕಳೆದುಹೋಗುತ್ತದೆ. ಅದಕ್ಕಿಂತ ಒಳ್ಳೇದು ಸೈಟಿನ ಒಳಗೆ ಗಾಡಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗುವ ಹಾಗೆ ದಾರಿ ಮಾಡುವುದು. ರಿವರ್ಸೇ ಬೇಡ.

ನೀವು ಚೀಟಿ ಬಗ್ಗೆ ಹೇಳಿದ್ದು ಬರೀ ಮನಸ್ಸಿನ ಮಾತಲ್ಲ. ಬ್ರಿಟನ್ನಿನ ಬಿಎಸ್ 5228 ಅನ್ನುವ ಮಾನದಂಡದಲ್ಲಿ ಅದುರಿನ ಬಗ್ಗೆ ಒಂದು ಪಟ್ಟಿ ಇದೆ. ಸೆಕೆಂಡಿಗೆ 0.3 ಮಿಲಿಮೀಟರ್ ವೇಗದ ಅದುರು ಮನೆಯೊಳಗೆ ಗೊತ್ತಾಗಲು ಶುರುವಾಗುತ್ತದೆ. 1 ಮಿಲಿಮೀಟರ್ ಆದರೆ ದೂರು ಬರುತ್ತದೆ, ಆದರೆ ಮುಂಚೆಯೇ ತಿಳಿಸಿ ವಿವರಿಸಿದ್ದರೆ ಜನ ತಡೆದುಕೊಳ್ಳುತ್ತಾರೆ ಅಂತ ಅದರಲ್ಲೇ ಬರೆದಿದ್ದಾರೆ. ಕಟ್ಟಡಕ್ಕೆ ಪೆಟ್ಟಾಗುವ ಮಿತಿ ಅದಕ್ಕಿಂತ ಮೇಲೆ. ಜರ್ಮನಿಯ ಡಿಐಎನ್ 4150ರಲ್ಲಿ, ನಿಧಾನವಾಗಿ, ಅಂದರೆ ಸೆಕೆಂಡಿಗೆ 10 ಸಲಕ್ಕಿಂತ ಕಡಿಮೆ ಅದುರುವ ಕೆಲಸಕ್ಕೆ ಸಾಮಾನ್ಯ ಮನೆಯ ಪಾಯದಲ್ಲಿ 5, ನಾಜೂಕಾದ ಹಳೇ ಕಟ್ಟಡಕ್ಕೆ 3. ಹೊಸಗೋಡೆಯವರೇ, ನಿಮ್ಮ ಪಕ್ಕದ ಹಳೇ ಮನೆಗೆ ಈ 3 ಹಿಡಿದುಕೊಂಡು, ಅದರ ಪಾಯದ ಹತ್ತಿರ ಮೀಟರ್ ಇಟ್ಟು, 2 ದಾಟಿದ ಕೂಡಲೇ ಸೂಪರ್‌ವೈಸರ್ ಫೋನಿಗೆ ಮೆಸೇಜ್ ಹೋಗುವ ಹಾಗೆ ಮಾಡಿಸಿ.


ಸೈಟ್‌ಮೇಸ್ತ್ರಿ

ಇವೆಲ್ಲ ಬೇಕು ಅಂದರೆ ಟೆಂಡರಿನಲ್ಲೇ ಬರೆಯಿರಿ. ಕಂಪ್ರೆಸರ್, ಜನರೇಟರ್‌ಗೆ ಮುಚ್ಚಳದ ಮಾಡೆಲ್ಲೇ ಬೇಕು, ಯಾವ ಕೆಲಸ ಯಾವ ಹೊತ್ತಿನಲ್ಲಿ, ಟಿಪ್ಪರ್ ಹೊರಗೆ ಹೋಗುವ ಮುಂಚೆ ಟೈರ್ ತೊಳೆಯಬೇಕು, ಮಣ್ಣಿನ ಗುಡ್ಡೆಗೆ ಟಾರ್ಪಾಲ್ ಮುಚ್ಚಬೇಕು, ಅದುರಿನ ಮೀಟರ್ ಖರ್ಚು ಯಾರದು, ಎಲ್ಲಾ. ಕೆಲಸ ಶುರುವಾದ ಮೇಲೆ ಕೇಳಿದರೆ ಯಾವ ಗುತ್ತಿಗೆದಾರನೂ ಎಕ್ಸ್‌ಟ್ರಾ ಅನ್ನುತ್ತಾನೆ. ನಾನೂ ಅನ್ನುತ್ತೇನೆ.

ಬ್ರೇಕರ್ ಹಿಡಿದ ಹುಡುಗರನ್ನೂ ನೆನಪಿಡಿ. ಅಕ್ಕಪಕ್ಕದವರು ದೂರು ಕೊಡುತ್ತಾರೆ, ಅವರು ಕೊಡುವುದಿಲ್ಲ. ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬಲ್ ಎಂಟು ಗಂಟೆ ಕೇಳಬಹುದು, ಪ್ರತಿ 3 ಏರಿದಾಗಲೂ ಹೊತ್ತು ಅರ್ಧ. 100ಕ್ಕೆ ಹೋದರೆ ಬರೀ 15 ನಿಮಿಷ. ಇಯರ್ ಮಫ್ ಕೊಟ್ಟು, ಪಾಳಿ ಬದಲಾಯಿಸಬೇಕು.


ಮಣ್ಣುಹುಳ

ಹೊಸಗೋಡೆಯವರೇ, ಆ ಪೈಪ್ ಬಗ್ಗೆ. ನೆಲದಿಂದ ಎದ್ದು, ಗೋಡೆ ಪಕ್ಕ ಮೇಲೆ ಹೋಗಿ, ತುದಿ ಬಾಗಿ, ಎಲ್ಲಿಗೂ ಸೇರದ ಪೈಪ್ ಅಂದರೆ ಬಹುಮಟ್ಟಿಗೆ ಅದು ಟ್ಯಾಂಕಿನ ಉಸಿರು ಪೈಪ್, ಒಳಗಿನ ಆವಿ ಹೊರಹೋಗಲು ಇಡುವಂಥದ್ದು. ಟ್ಯಾಂಕ್ ಇನ್ನೂ ಅಲ್ಲೇ ಇದೆ ಅಂತಲೇ ಲೆಕ್ಕ ಹಾಕಿ.

ಯಾರೂ ಗುದ್ದಲಿ ಹಾಕುವ ಮುಂಚೆ ಮೇಲಿನಿಂದಲೇ ಹುಡುಕಿಸಿ. ಲೋಹ ಪತ್ತೆ ಮಾಡುವ ಯಂತ್ರ, ನೆಲದೊಳಗೆ ನೋಡುವ ರಾಡಾರ್ ಎರಡೂ ಬಾಡಿಗೆಗೆ ತರುವವರಿದ್ದಾರೆ. ಟ್ಯಾಂಕಿನ ಉದ್ದಗಲ ಗೊತ್ತಾದ ಮೇಲೆ ಅದರ ಸುತ್ತ, ಅದರ ತಳಕ್ಕಿಂತ ಕೆಳಗೆ ಸ್ಯಾಂಪಲ್ ತೆಗೆಯಿರಿ. ಟ್ಯಾಂಕನ್ನೇ ತೂತು ಮಾಡದ ಹಾಗೆ. ಬರೀ ಡೀಸೆಲ್ ಇದ್ದರೆ ಅಷ್ಟು ಚಿಂತೆ ಬೇಡ. ಕೆಟ್ಟ ಮಣ್ಣನ್ನು ಬೇರೆ ತೆಗೆದು, ಹಾಸಿನ ಮೇಲೆ ರಾಶಿ ಹಾಕಿ, ಗಾಳಿ, ತೇವ, ಗೊಬ್ಬರದ ಅಂಶ ಕೊಟ್ಟರೆ ಬ್ಯಾಕ್ಟೀರಿಯಾ ಕೆಲವು ತಿಂಗಳಲ್ಲಿ ಬಹಳಷ್ಟು ಕರಗಿಸುತ್ತವೆ. ದ್ರಾವಕ ಸಿಕ್ಕರೆ ಮಣ್ಣಿನಿಂದ ಆವಿ ಎಳೆಯುವ ಪಂಪ್, ಸ್ಲ್ಯಾಬ್ ಕೆಳಗೆ ಬಿಗಿ ಹಾಳೆ ಮತ್ತು ಗಾಳಿ ಹೊರಹಾಕುವ ಪೈಪ್, ಇದೆಲ್ಲ ಬೇಕಾಗುತ್ತದೆ. ಆ ಹಾಳೆ, ಪೈಪ್ ಪಾಯದ ಹಂತದಲ್ಲೇ ಹಾಕಬೇಕು. ಕಟ್ಟಿದ ಮೇಲೆ ಹಾಕುವುದು ಭಾರೀ ಕಷ್ಟ.

ಟ್ಯಾಂಕ್ ತೆಗೆಯುವ ದಿನದ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಖಾಲಿ ಇದೆ ಅಂತ ಗ್ಯಾಸ್ ಕಟರ್ ಹಾಕಿಸಬೇಡಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಒಳಗೆ ಆವಿ ಮತ್ತು ಗಾಳಿ ಸೇರಿ ಒಂದು ಕಿಡಿಗೆ ಕಾಯುತ್ತಿರುತ್ತವೆ. ಡೀಸೆಲ್ ಅಂತ ಹೇಳುತ್ತಾರೆ, ನಡುವೆ ಪೆಟ್ರೋಲ್ ತುಂಬಿರಲಿಲ್ಲ ಅಂತ ಯಾರು ಹೇಳಬೇಕು? ಉಳಿದ ಎಣ್ಣೆ ಹೀರಿ ತೆಗೆದು, ಒಳಗಿನ ಆವಿ ಹೊರಹಾಕಿ, ಗ್ಯಾಸ್ ಮೀಟರ್ ಇಟ್ಟು ನೋಡಿದ ಮೇಲೆಯೇ ಮುಂದಿನ ಕೆಲಸ. ಕೆಸರು ಕೆರೆಯಲಿಕ್ಕೆ ಅಂತ ಯಾರನ್ನೂ ಒಳಗೆ ಇಳಿಸಬೇಡಿ, ಹಗ್ಗ ಕಟ್ಟಿದರೂ ಬೇಡ. ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ, ಎತ್ತಲು ಹೋದವನೂ ಬೀಳುತ್ತಾನೆ. ಮೊದಲು ರಾಡಾರ್‌ನವರನ್ನು ಕರೆಸಿ, ಏನು ಸಿಕ್ಕಿತು ಅಂತ ಇಲ್ಲೇ ಹಾಕಿ. ಅಲ್ಲಿಯವರೆಗೆ ಆ ಮೂಲೆಗೆ ಹಗ್ಗ ಕಟ್ಟಿ, ಜೆಸಿಬಿಯನ್ನು ಆ ಕಡೆ ಬಿಡಬೇಡಿ.